ಗಾರ್ಡ್ ಓಕೆ ಅನ್ನುವ ಮೊದಲು

ಬಾಗಲೂರಿನಿಂದ ಹೊಸೂರಿನ ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ ಆ ವಾರವೆಲ್ಲ ತುಟಿ ಅಲ್ಲಾಡಿಸುತ್ತಲೇ ಕೂತಿದ್ದೆ. ಪಕ್ಕದವರು ದೇವರ ನಾಮ ಅಂದುಕೊಂಡಿರಬೇಕು. ನಾನು ಹೇಳಿಕೊಳ್ಳುತ್ತಿದ್ದುದು ಗ್ಲೌಸ್ ಓಕೆ, ವಾಟರ್ ಓಕೆ, ಗಾರ್ಡ್ ಓಕೆ ಅಂತ.

ನಮ್ಮ ಲೈನಿನಲ್ಲಿ ಮೆಷಿನ್ ಶುರು ಮಾಡುವ ಮೊದಲು ಒಬ್ಬರು ಮುಂದೆ ನಿಂತು ಕೈಗವಸು, ಬ್ಲೇಡಿಗೆ ಬೀಳುವ ನೀರು, ಕೈ ತಾಗದಂತೆ ತಡೆಯುವ ಗಾರ್ಡ್, ಹೀಗೆ ಒಂದೊಂದನ್ನೂ ಬೆರಳಿನಿಂದ ತೋರಿಸಿ, ನೋಡಿ, ಜೋರಾಗಿ ಕೂಗಬೇಕು. ದಿನಾ ಕನ್ನಡವೋ ತಮಿಳೋ, ಬಾಯಿಗೆ ಬಂದದ್ದರಲ್ಲಿ ಕೂಗುತ್ತಿದ್ದೆವು. ಆ ಶುಕ್ರವಾರ ವಿದೇಶದಿಂದ ಇಬ್ಬರು ನೋಡಲು ಬರುವವರಿದ್ದರು. ಇಂಗ್ಲಿಷಿನಲ್ಲೇ ಆಗಬೇಕು, ಅದೂ ನಾನೇ ಕೂಗಬೇಕು.

“ಸರಿಯಾಗಿ ಹೇಳ್ಬುಡಿ ಅಕ್ಕಾ,” ಎಂದಿದ್ದರು ಸೂಪರ್‌ವೈಸರ್. “ನಿಮ್ಮ ಪರ್ಮನೆಂಟ್ ವಿಷಯ ಮ್ಯಾನೇಜರ್ ಹತ್ರ ನಾನೇ ಮಾತಾಡ್ತೀನಿ.”

ವರ್ಷಗಟ್ಟಲೆ ಕಾಂಟ್ರಾಕ್ಟಿನಲ್ಲೇ ದುಡಿದವಳು ನಾನು. ಅಂದಿನಿಂದ ನಿದ್ದೆ ಹತ್ತಲಿಲ್ಲ.

ಸೊಪ್ಪು ಬಿಡಿಸುತ್ತ ಫೋನಿನಲ್ಲಿ ಹುಡುಕಿ ಕೇಳಿದೆ. ಒಬ್ಬಾಕೆ ನೀರಿಗೆ ‘ವೋಟ’ ಅಂದಳು, ಇನ್ನೊಬ್ಬಾಕೆ ‘ವಾಡರ್’ ಅಂದಳು. ಗಾರ್ಡ್ ಅನ್ನುವಾಗ ಒಬ್ಬಳು ನಡುವಿನ ‘ರ’ ನುಂಗಿಬಿಟ್ಟರೆ ಇನ್ನೊಬ್ಬಳು ನಾಲಿಗೆ ಮಡಚಿ ಎಳೆದಳು. ಯಾವುದು ಸರಿ? ಲೈನಿನಲ್ಲಿ ನನ್ನ ಪಕ್ಕ ನಿಲ್ಲುವ ಸೂಳಗಿರಿಯ ಗೆಳತಿಯನ್ನು ಕೇಳಿದೆ.

“ಎರಡನ್ನೂ ಸೇರ್ಸಿ ಮುದ್ದೆ ಕಟ್ಬುಡಕ್ಕಾ, ನುಂಗ್ಕೊಂಡು ಹೋಗ್ತಾರೆ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಶುಕ್ರವಾರ ಬಂದವರಲ್ಲಿ ಒಬ್ಬರು ಇಂಗ್ಲೆಂಡಿನವರು, ಒಬ್ಬರು ಅಮೆರಿಕದವರು. ಕುಡಿಯಲು ನೀರು ಕೇಳುವಾಗ ಒಬ್ಬರು ‘ವೋಟ’ ಅಂದರು, ಇನ್ನೊಬ್ಬರು ‘ವಾಡರ್’ ಅಂದರು. ಫೋನಿನ ಆ ಎರಡೂ ಬಗೆ ಎದುರಿಗೇ ನಿಂತಿದ್ದವು. ಒಬ್ಬರಿಗೆ ಒಪ್ಪುವಂತೆ ಹೇಳಿದರೆ ಇನ್ನೊಬ್ಬರಿಗೆ ತಪ್ಪಾಗಿ ಕೇಳುತ್ತದೆ.

“ಗ್ಲೌಸ್ ಓಕೆ,” ಎಂದು ಕೂಗಿದೆ. “ವಾಟರ್ ಓಕೆ.” ಕಲಿತದ್ದೆಲ್ಲ ಹೋಗಿ ಬಾಗಲೂರಿನ ವಾಟರೇ ಬಂತು.

ಬೆರಳನ್ನು ಗಾರ್ಡಿನತ್ತ ತಿರುಗಿಸಿದೆ. ಬ್ಲೇಡಿಗೆ ಅಡ್ಡ ಇರುವ ಆ ಜಾಲರಿಯ ಚಿಲಕ ಕೂತಿರಲಿಲ್ಲ. ಬರುವವರಿಗಾಗಿ ಬೆಳಿಗ್ಗೆ ಒರೆಸಿ ಹೊಳಪು ಮಾಡಿದವರು ಹಾಗೇ ಬಿಟ್ಟಿದ್ದರು. ನಾನು ಓಕೆ ಅಂದಕೂಡಲೇ ಗೆಳತಿ ಬಟನ್ ಒತ್ತಬೇಕು. ಅವಳ ಎಡಗೈ ಆಗಲೇ ಬಟನ್ ಮೇಲಿತ್ತು, ಬಲಗೈ ಜಾಲರಿಯ ಪಕ್ಕದಲ್ಲೇ.

“ಒತ್ಬ್ಯಾಡ ಕಣೇ! ಗಾರ್ಡು ಬಿಚ್ಕೊಂಡೈತೆ!”

ಗೆಳತಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು. ಸೂಪರ್‌ವೈಸರ್ ಮುಖ ಬಿಳುಚಿಕೊಂಡಿತು. ಬಂದವರ ಮುಂದೆ ಮಾನ ಕಳೆದೆ, ಇನ್ನು ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಅವರಿಬ್ಬರೂ ಹತ್ತಿರ ಬಂದು ಚಿಲಕ ಮುಟ್ಟಿ ನೋಡಿದರು, ಏನೋ ಮಾತಾಡಿಕೊಂಡರು. ಗಾರ್ಡ್ ಅನ್ನುವುದನ್ನು ಒಬ್ಬರು ಒಂದು ಥರ, ಇನ್ನೊಬ್ಬರು ಇನ್ನೊಂದು ಥರ ಹೇಳುತ್ತಿದ್ದರು. ನನ್ನತ್ತ ತಲೆಯಾಡಿಸಿ ಮುಂದೆ ಹೋದರು.

ಊಟದ ಹೊತ್ತಿಗೆ ಸೂಪರ್‌ವೈಸರ್ ಬಂದರು. “ನೀವು ಮೆಷಿನ್ ತಡೆದದ್ದು ನೋಡಿ ಮ್ಯಾನೇಜರ್ ಒಪ್ಪವ್ರೆ ಅಕ್ಕಾ, ಪರ್ಮನೆಂಟಿಗೆ ನಿಮ್ಮ ಹೆಸರು ಬರ್ಕೊಂಡವ್ರೆ. ದಿನಾ ನೀವೇ ಕೂಗಿ.”

ಸರಿ ಸಾರ್ ಅಂದೆ. ಎದುರಿಗೆ ಗೆಳತಿ ಬಲಗೈಯಲ್ಲಿ ಅನ್ನ ಸಾರು ಕಲಸುತ್ತಿದ್ದಳು. ಆ ಐದು ಬೆರಳನ್ನೇ ನೋಡುತ್ತ ಕೂತೆ.