ಮೇಷ್ಟ್ರ ಸರದಿ

ಮೇಷ್ಟ್ರ ಕತ್ತಿನ ಹಿಂದೆ ಕೂದಲು ಮೂರು ಮೆಟ್ಟಿಲಾಗಿ ಇಳಿದಿರುತ್ತಿತ್ತು. ಒಂದು ಕಡೆ ಚರ್ಮ ಬಿಳಿಚಿ ಕಾಣುತ್ತಿತ್ತು, ಇನ್ನೊಂದು ಕಡೆ ಕುಚ್ಚು ಹಾಗೇ ಉಳಿದಿರುತ್ತಿತ್ತು. ಹೊಲಿಗೆಯ ಕತ್ತರಿಯಲ್ಲಿ ಅವರ ಹೆಂಡತಿ ಕತ್ತರಿಸಿದ್ದು ಅಂತ ನನಗೆ ಒಂದೇ ನೋಟಕ್ಕೆ ತಿಳಿಯಿತು. ಕ್ಷೌರದಂಗಡಿ ಇಟ್ಟು ಇಪ್ಪತ್ತು ವರ್ಷದಿಂದ ಊರವರ ತಲೆ ನೋಡಿಕೊಂಡೇ ಅನ್ನ ತಿನ್ನುತ್ತಿರುವವನು ನಾನು. ನಮ್ಮ ಕಡೆ ಕುರಿಗೆ ಉಣ್ಣೆ ಕತ್ತರಿಸುತ್ತಾರಲ್ಲ, ಅದೂ ಇದಕ್ಕಿಂತ ನೀಟಾಗಿರುತ್ತದೆ. ಅವರು ಎದುರಿಗೆ ಕೂತರೆ ನನ್ನ ಕೈ ಚಡಪಡಿಸುತ್ತಿತ್ತು. ಆದರೆ ಆ ತಲೆ ಹಾಗಿರುವುದಕ್ಕೆ ಕಾರಣ ನಾನೇ.

ನಮ್ಮದು ದೊಡ್ಡೇರಿಯಿಂದ ಒಳಗೆ ಹೋಗುವ ಒಂದು ಊರು. ಪಾವಗಡ ಕಡೆಯ ಈ ಮೇಷ್ಟ್ರು ನಮ್ಮ ಹೈಸ್ಕೂಲಿಗೆ ಚರಿತ್ರೆ ಪಾಠಕ್ಕೆ ಬಂದರು. ಮಾತಿನಲ್ಲಿ ಅರ್ಧ ತೆಲುಗು, ಮನೆಯಲ್ಲಿ ಬುದ್ಧನ ಪಟ. ಜಾತಿ ಕೇಳುವ ಮೊದಲೇ ಕೇರಿಯ ಪೈಕಿ ಅಂತ ಊರಿಗೆ ಗೊತ್ತಾಗಿತ್ತು. ಕೇರಿಯವರ ತಲೆಯನ್ನು ನಮ್ಮ ತಾತ ಮುಟ್ಟಿರಲಿಲ್ಲ, ನಮ್ಮಪ್ಪ ಮುಟ್ಟಿರಲಿಲ್ಲ, ನಾನೂ ಮುಟ್ಟುತ್ತಿರಲಿಲ್ಲ. ಕೇರಿಯವರು ಕ್ಷೌರಕ್ಕೆ ಬಸ್ಸು ಹತ್ತಿ ಮಧುಗಿರಿಗೆ ಹೋಗುತ್ತಿದ್ದರು. ಅಂಗಡಿಯಲ್ಲಿ ಹಾಗಂತ ಬೋರ್ಡೇನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅಂಗಡಿಯ ಕಟ್ಟಡ ಊರಿನ ಯಜಮಾನರೊಬ್ಬರದು. ಬೀಗದ ಕೈ ಕೊಟ್ಟ ದಿನ ಅವರು ಒಂದೇ ಮಾತು ಹೇಳಿದ್ದರು: "ಕಸುಬು ನಿಂದು, ಕಟ್ಟಡ ನಂದು. ಊರಿನ ಪದ್ಧತಿ ಕೆಡಿಸ್ಬ್ಯಾಡ." ಪಕ್ಕದೂರಿನ ನನ್ನ ನೆಂಟ ಒಮ್ಮೆ ಕೆಡಿಸಿದ್ದ. ಎರಡೇ ತಿಂಗಳಲ್ಲಿ ಅವನ ಕುರ್ಚಿಯಲ್ಲಿ ಕೂರುವವರೇ ಇಲ್ಲವಾದರು. ಈಗ ವಳ್ಳೂರಿನ ಹತ್ತಿರ ಸೋಲಾರ್ ಫಲಕ ತೊಳೆಯುವ ಕೂಲಿಗೆ ಹೋಗುತ್ತಾನೆ. ಅವನ ಮುಖ ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಮೇಷ್ಟ್ರು ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಬೆಂಚಿನ ತುದಿಯಲ್ಲಿ ಕೂತು, ಪೇಪರು ಬಿಡಿಸಿದರು. ನನ್ನ ಅಂಗಡಿಯಲ್ಲಿ ಒಂದು ರೂಢಿ ಇದೆ. ಒಬ್ಬರದು ಮುಗಿದ ಮೇಲೆ ಬಟ್ಟೆ ಕೊಡವಿ "ಮುಂದಿನೋರು" ಅನ್ನುತ್ತೇನೆ, ಸರದಿಯವರು ಏಳುತ್ತಾರೆ. ಅವರ ಸರದಿ ಬಂತು. ಪೇಪರು ಮಡಿಸಿ ನನ್ನ ಮುಖ ನೋಡಿದರು. "ಕರೆಂಟಿಲ್ಲ ಸಾ" ಅಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವರು ಫ್ಯಾನನ್ನೇ ನೋಡಿ, "ಸರಿ ಬುಡಪ್ಪ, ಬರೋ ವಾರ ನೋಡಾನ" ಅಂತ ಎದ್ದು ಹೋದರು.

ಬರುವ ವಾರವೂ ಬಂದರು. ಆಮೇಲೆ ಪ್ರತಿ ಭಾನುವಾರ. ಬ್ಲೇಡು ಮುಗಿದಿದೆ ಅಂದೆ, ಕೈ ಉಳುಕಿದೆ ಅಂದೆ, ಮನೆಯಲ್ಲಿ ಸೂತಕ ಅಂದೆ. ಒಂದೇ ವರ್ಷದಲ್ಲಿ ನಮ್ಮ ಮನೆಯಲ್ಲಿ ಮೂರು ಸಾವಾದವು, ಸತ್ತವರು ಮಾತ್ರ ಯಾರೂ ಇಲ್ಲ. ಅವರು ಒಂದು ದಿನವೂ ಜಗಳ ತೆಗೆಯಲಿಲ್ಲ. ಅದೇ ನನಗೆ ಹೆಚ್ಚು ಭಯ. ಬೈದಿದ್ದರೆ ನಾನೂ ಬೈಯಬಹುದಿತ್ತು. ಒಂದು ದೂರು ಬರೆದುಕೊಟ್ಟರೆ ನನಗೆ ಜೈಲು ಅಂತ ಇಬ್ಬರಿಗೂ ಗೊತ್ತು. ರಸ್ತೆಯಲ್ಲಿ ಜೀಪಿನ ಸದ್ದಾದರೆ ಪೋಲೀಸರೇ ಬಂದರೇನೋ ಅಂತ ಕತ್ತರಿ ಕೈಯಲ್ಲೇ ನಿಲ್ಲುತ್ತಿತ್ತು. ಅತ್ತ ದರಿ, ಇತ್ತ ಪುಲಿ.

ಸರದಿ ಕಾಯುತ್ತಾ ಕೂತಾಗ ಅವರು ಅಮೆರಿಕದ ಕತೆ ಹೇಳುತ್ತಿದ್ದರು. ಅವರಿಗೆ ಆ ಚರಿತ್ರೆ ಅಂದರೆ ಪ್ರಾಣ. ಕಾಯುವವರಿಗೂ ಹೊತ್ತು ಹೋಗಬೇಕಲ್ಲ, ಕಿವಿಗೊಟ್ಟು ಕೇಳುತ್ತಿದ್ದರು.

"ಗುಲಾಮಗಿರಿ ತೆಗ್ದಿವಿ, ಓಟು ಕೊಟ್ವಿ ಅಂತ ಬರ್ಕಂಡ್ರು. ಆಮ್ಯಾಕೆ ಅಲ್ಲಲ್ಲಿ ರಾಜ್ಯದೋರು ಅವ್ರವ್ರದೇ ಕಾನೂನು ಮಾಡ್ಕಂಡ್ರು. ಕರಿಯರಿಗೆ ಬ್ಯಾರೆ ನಲ್ಲಿ, ಬ್ಯಾರೆ ಬೆಂಚು, ಬ್ಯಾರೆ ಸ್ಕೂಲು. ದೊಡ್ಡ ಕೋರ್ಟೇ ಹೇಳ್ಬುಡ್ತು, ಬ್ಯಾರೆ ಇಟ್ರೂ ಒಂದೇ ಸಮ ಇಟ್ರೆ ತಪ್ಪಿಲ್ಲ ಅಂತ. ಆ ಒಂದು ಮಾತು ಅಳಿಸಾಕೆ ಐವತ್ತು ವರ್ಸದ ಮೇಲೆ ಬೇಕಾಯ್ತು."

ಒಂದು ಭಾನುವಾರ ಯಜಮಾನರೇ ನನ್ನ ಕುರ್ಚಿಯಲ್ಲಿದ್ದರು. ಅರ್ಧ ಗಡ್ಡ ಆಗಿತ್ತು, ಇನ್ನರ್ಧಕ್ಕೆ ನೊರೆ. ಮೇಷ್ಟ್ರು ಅಲ್ಲಿನ ಕರಿಯ ಕಾಲೇಜು ಹುಡುಗರ ಕತೆ ತೆಗೆದರು. "ಬಿಳಿಯರ ಹೋಟ್ಲಿಗೆ ಹೋಗಿ ಕೂತ್ಕಂಡು ಕಾಫಿ ಕೇಳಿದ್ರು. ಕೊಡಲ್ಲ ಅಂದ್ರು. ಕೂತೇ ಇದ್ರು. ತಲೆ ಮೇಲೆ ಸಕ್ಕರೆ ಸುರಿದ್ರು, ಕೂತೇ ಇದ್ರು. ಮಾರನೇ ದಿನ ಮತ್ತೆ ಬಂದ್ರು."

ಯಜಮಾನರಿಗೆ ನಿಜವಾಗಿ ಸಿಟ್ಟು ಬಂತು. "ಎಂಥಾ ಕಟುಕ್ರು ಮೇಷ್ಟ್ರೇ ಅವ್ರು. ಒಂದು ಲೋಟ ಕಾಫಿ ಕೊಡಾಕೆ ಏನಾಗಿತ್ತು?"

ನನ್ನ ಕತ್ತಿ ಅವರ ಗಂಟಲ ಮೇಲಿತ್ತು. ಕನ್ನಡಿಯಲ್ಲಿ ಮೇಷ್ಟ್ರು ನನ್ನನ್ನು ನೋಡುತ್ತಿದ್ದರು. "ಕಾನೂನು ಬಂತು ಯಜಮಾನ್ರೆ. ಹೋಟ್ಲು, ಲಾಡ್ಜು, ಸಿನಿಮಾ ಅಂತ ಬರೆದ್ರು. ಕ್ಷೌರದಂಗಡಿ ಅಂತ ಹೆಸರಿಟ್ಟು ಬರೀನಿಲ್ಲ. ನಮ್ಮ ಸಂವಿಧಾನ ವಾಸಿ, ಅಂಗಡಿ ಅಂತ ಮೊದ್ಲೇ ಬರೆದವ್ರೆ" ಅಂದರು. ಯಜಮಾನರು ಹೂಂಗುಟ್ಟಿದರು. ಆ ದಿನ ಗಡ್ಡ ಹೇಗೆ ಮುಗಿಸಿದೆನೋ ನೆನಪಿಲ್ಲ.

ನನ್ನ ಮಗಳು ಅವರ ಕ್ಲಾಸಿನಲ್ಲೇ ಓದುತ್ತಿದ್ದಳು. ಒಂದು ಸಂಜೆ ರೊಟ್ಟಿ ಮುರಿಯುತ್ತಾ, "ಮೇಷ್ಟ್ರು ಬೋರ್ಡಿನ ಕಡೆ ತಿರುಗಿದ್ರೆ ಹಿಂದಿನ ಬೆಂಚೋರು ತಲೆ ನೋಡಿ ನಗ್ತಾರೆ ಕಣಪ್ಪ. ನಾನು ತಲೆ ಎತ್ತಲ್ಲ" ಅಂದಳು. ನಾನೂ ಎತ್ತಲಿಲ್ಲ.

ಆ ಮಾತು ತಡೆಯಲಾರದೆ ಮಾರನೇ ಸಂಜೆ ಮೇಷ್ಟ್ರ ಮನೆಗೆ ಹೋದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅನ್ನುವ ಧಿಮಾಕು ನನಗೆ. "ಸಾ, ಅಂಗಡಿ ಬ್ಯಾಡ. ನಾನೇ ಬೆಳಿಗ್ಗೆ ನಿಮ್ಮ ಹಿತ್ತಲಿಗೆ ಬಂದ್ಬುಡ್ತೀನಿ. ಯಾರಿಗೂ ತಿಳಿಯಾಕಿಲ್ಲ" ಅಂದೆ.

ಅವರು ನೀರು ಕೊಟ್ಟರು. ನಾನು ಕುಡಿದ ಮೇಲೆ ಲೋಟ ಈಸಿಕೊಂಡು, "ಅಮೆರಿಕದಲ್ಲೂ ಹಿಂಬಾಗಿಲಲ್ಲಿ ಊಟ ಕೊಡೋ ಹೋಟ್ಲು ಇದ್ವು ಕಣಯ್ಯ. ಅಡುಗೆ ಅದೇ, ರುಚಿ ಅದೇ. ಹಿಂಬಾಗಿಲಲ್ಲಿ ಈಸ್ಕಂಡು ತಿನ್ಬೇಕಿತ್ತು, ಅಷ್ಟೇ" ಅಂದರು.

"ಭಯ ಆಯ್ತದೆ ಸಾ" ಅಂದುಬಿಟ್ಟೆ. ಇಷ್ಟು ದಿನದಲ್ಲಿ ಅವರಿಗೆ ನಾನು ಹೇಳಿದ ಮೊದಲ ನಿಜ ಅದು.

"ಏಮಪ್ಪಾ, ಭಯ ನಿಂಗೊಬ್ಬನಿಗೇನಾ? ಭಾನುವಾರ ಅಂಗಡಿ ಮೆಟ್ಟಿಲು ಹತ್ತುವಾಗ ನಂಗೂ ಕಾಲು ನಡುಗ್ತವೆ. ಕಾನೂನು ನನ್ನ ಜೇಬಲ್ಲೈತೆ ಅನ್ನು. ಆದ್ರೂ ಕತ್ತಿ ನಿನ್ನ ಕೈಲೈತಲ್ಲ, ಕತ್ತು ಒಡ್ಡಿ ಕೂರೋನು ನಾನು. ಪೋಲೀಸ್ನೋರ ಕೈಲಿ ಹೇಳ್ಸಿ ಕೂತ್ಕಂಡ್ರೆ ಅವತ್ತೊಂದಿನದ ಕ್ಷೌರ ಮಾತ್ರ ಆಯ್ತದೆ. ನೀನೇ ಕರೀಬೇಕು ಅಂತ ನನ್ನ ಆಸೆ."

ಕರೆಯಲಿಲ್ಲ. ಇನ್ನೊಂದು ವರ್ಷ ಕರೆಯಲಿಲ್ಲ.

ಆಮೇಲೆ ಅವರು ಬರುವುದು ನಿಂತಿತು. ಮುಚ್ಚಿಡುವುದೇಕೆ, ಮೊದಲ ಎರಡು ವಾರ ನನಗೆ ಸಮಾಧಾನವೇ ಆಯಿತು. ಬೆಂಗಳೂರಲ್ಲಿ ಕ್ಯಾನ್ಸರಿಗೆ ಔಷಧಿ ನಡೆಯುತ್ತಿದೆ ಅಂತ ಮಗಳು ಹೇಳಿದ ದಿನ ಅಂಗಡಿ ಬೇಗ ಮುಚ್ಚಿದೆ. ಅವರು ತಿರುಗಿ ಬಂದರೆ ಕರೆಯುತ್ತೇನೆ, ಏನಾದರಾಗಲಿ ಅಂತ ದೇವರ ಮುಂದೆ ಹೇಳಿಕೊಂಡೆ. ಹೇಳುವಾಗಲೂ ಹೆದರಿಕೊಂಡೇ ಹೇಳಿದೆ.

ನಾಲ್ಕು ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಮಂಕಿ ಕ್ಯಾಪು ಹಾಕಿಕೊಂಡು ಬಂದರು. ಸೊರಗಿ ಕಡ್ಡಿಯಾಗಿದ್ದರು. ಬೆಂಚಿನ ತುದಿಯಲ್ಲಿ ಕೂತರು. ಆಮೇಲೆ ಬಂದ ಯಜಮಾನರು ಪಕ್ಕದಲ್ಲಿ, ಅವರಾಚೆ ಮೊಬೈಲು ಹಿಡಿದ ಒಬ್ಬ ಯುವಕ. ಮೇಷ್ಟ್ರೇ ಮೊದಲು ಬಂದದ್ದು, ಸರದಿ ಅವರದೇ. ನಾನು ಬಟ್ಟೆ ಕೊಡವಿದೆ. ಅವರ ಕಡೆ ನೋಡಿ "ಮುಂದಿನೋರು" ಅಂದೆ.

ಅವರು ಎದ್ದು ಕುರ್ಚಿಯಲ್ಲಿ ಕೂತು ಕ್ಯಾಪು ತೆಗೆದರು. ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಹುಬ್ಬೂ ಇರಲಿಲ್ಲ.

"ತಡ ಮಾಡ್ಬುಟ್ಟೆ ಸಾ" ಅಂದೆ.

"ಕರೆದೆಯಲ್ಲ. ನಿನ್ನ ಕೆಲಸ ಮಾಡು" ಅಂದರು.

ಬಿಳಿ ಬಟ್ಟೆ ಕಟ್ಟಿದೆ. ಬಿಸಿನೀರು ಹಚ್ಚಿ ತಲೆ ಒರೆಸಿದೆ. ಕತ್ತರಿ ಎತ್ತಿಕೊಂಡು, ಕಿವಿಯ ಸುತ್ತ, ಕತ್ತಿನ ಹಿಂದೆ, ಬರೀ ಗಾಳಿಯಲ್ಲಿ ಕಚ್ ಕಚ್ ಅನ್ನಿಸಿದೆ. ಒಬ್ಬರಿಗೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತೂ ಮಾಡಿದೆ. ಯಜಮಾನರು ಎದ್ದು ಹೋದರು. ಯುವಕ ಮೊಬೈಲು ಎತ್ತಿ ವಿಡಿಯೋ ಮಾಡಿದ. ಕೊನೆಗೆ ಎಲ್ಲರಿಗೂ ಹಿಡಿಯುವ ಹಾಗೆ ಕತ್ತಿನ ಹಿಂದೆ ಕೈಗನ್ನಡಿ ಹಿಡಿದೆ. ಅವರು ಎಡಕ್ಕೆ, ಬಲಕ್ಕೆ ತಿರುಗಿ ನೋಡಿಕೊಂಡು, "ಚೆಂದಾಗೈತೆ" ಅಂದರು.

ತಿಂಗಳೊಳಗೆ ಯಜಮಾನರು ಅಂಗಡಿ ಖಾಲಿ ಮಾಡಿಸಿದರು. ಈಗ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಕೂರುತ್ತೇನೆ. ಕೇರಿಯವರು ಬರುತ್ತಾರೆ, ಊರವರಲ್ಲಿ ಕೆಲವರು ಬರುತ್ತಾರೆ. ಜೀಪಿನ ಭಯ ಹೋಗಿದೆ. ಬೈಕು ನಿಂತ ಸದ್ದಾದರೆ ಊರ ಹುಡುಗರು ಗಲಾಟೆಗೆ ಬಂದರೇನೋ ಅಂತ ಇವತ್ತಿಗೂ ತಿರುಗಿ ನೋಡುತ್ತೇನೆ.

ಸಂಕ್ರಾಂತಿ ಕಳೆದು ಮೇಷ್ಟ್ರು ಹೋಗಿಬಿಟ್ಟರು. ಕೊನೇ ಸಲ ನೋಡಲು ಹೋದೆ. ತಲೆಯ ಮೇಲೆ ಬೆರಳಿನ ಉಗುರಿನಷ್ಟು ಹೊಸ ಕೂದಲು ಬಂದಿತ್ತು, ಕಿವಿಯ ಹತ್ತಿರ ಸ್ವಲ್ಪ ಏರುಪೇರು. ನಾನು ಅದನ್ನೇ ನೋಡುತ್ತಿದ್ದದ್ದು ಅವರ ಮನೆಯವರಿಗೆ ಕಂಡಿತು.

"ಸಮ ಮಾಡ್ತೀನಿ ಬನ್ನಿ ಅಂತ ಕತ್ತರಿ ತಂದೆ ಕಣಣ್ಣ" ಅಂದರು. "ಬ್ಯಾಡ ಅಂದ್ರು. ಇನ್ನೊಂಚೂರು ಬೆಳೀಲಿ, ನಂಗೆ ಅಂಗಡಿ ಐತೆ ಅಂದ್ರು."