ಮಣ್ಣಿಗೆ ಹಾಕಿದ ಕಾರ್ಡು

ಮಷೀನು ಇವತ್ತ ನನ್ನ ಮೊಮ್ಮಗಳ ಬೆರಳನ್ನ ಅಕಿ ಹೆಸರಿನ ಮ್ಯಾಲೆನ ತಗೊಂತು. ರೋಣದಿಂದ ಗಜೇಂದ್ರಗಡಕ್ಕ ವಾಪಸ್ ಬರೂಮುಂದ ಕಂಡಕ್ಟರಗೂ ಹೇಳಿದೆ, ಬಾಜೂ ಕುಂತಿದ್ದ ಸೂಡಿ ಊರಿನಾಕಿಗೂ ಹೇಳಿದೆ. ಎರಡನೆತ್ತಾ ತನಕ ಸಾಲಿ ಕಲ್ತಾಕಿ ನಾ. ಬರವಣಿಗಿ ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ, ಬರೀದ ಇರಾಕ ಆಗವಲ್ದು.

ನನ್ನ ಸೊಸಿಗೆ ಅವಳಿ ಹೆಣ್ಣು. ದೊಡ್ಡಾಕಿ ಐದು ತಿಂಗಳಿನ್ಯಾಗ ಜ್ವರ ಬಂದು ತೀರಿಕೊಂಡಳು. ಗಂಡಸರು ಹೂಳಾಕ ಒಯ್ಯೂಕಿಂತ ಮೊದಲು ಅಕಿನ್ನ ಸುತ್ತಿದ ಬಟ್ಟಿಯೊಳಗ ಕುಂಚಿಗಿ ಇಟ್ಟೆ, ಕರಿಮಣಿ ಇಟ್ಟೆ. ಏನ್ ಹೊಳೀತೋ, ಗೂಡಿನ್ಯಾಗಿದ್ದ ಎರಡು ಆಧಾರ್ ಕಾರ್ಡಿನೊಳಗ ಅಕಿದೊಂದನ್ನೂ ಇಟ್ಟೆ. ಅಲ್ಲಿ ಯಾರರೆ 'ಯಾರ ಮಗಳವಾ ನೀ' ಅಂತ ಕೇಳಿದ್ರ ತೋರಿಸಲಿ ಅಂತ. ಅಳುವಾಗ ಸಣ್ಣ ಅಕ್ಷರ ಯಾರಿಗೆ ಕಾಣ್ತಾವ.

ತೀರಿದ್ದನ್ನ ನಾವು ಯಾವ ಕಚೇರಿಗೂ ಬರಸಲಿಲ್ಲ. ಹಂಗಾಗಿ ದವಾಖಾನಿ ಮೆಸೇಜು ಸೊಸಿ ಫೋನಿಗೆ ಎರಡೆರಡು ಬರ್ತಿದ್ವು. ಒಂದು ಟಣ್ ಅಂತಿತ್ತು, ಒಂದು ಉಸುರು ಬಿಟ್ಟು ಇನ್ನೊಂದು. ಒಂಬತ್ತು ತಿಂಗಳ ಸೂಜಿ ಹಾಕಸ್ರಿ. ಒಂದೂವರಿ ವರ್ಷದ್ದು ಹಾಕಸ್ರಿ. ಮಣ್ಣಾಗಿನಾಕಿಗೂ ವಯಸ್ಸು ಏರ್ತಿತ್ತು. ಎರಡನೇ ಟಣ್ ಕೇಳಿದ್ರ ಮಗ್ಗದಾಗ ಕುಂತ ಸೊಸಿಯ ಲಾಳಿ ನಿಂದರತಿತ್ತು. ಒಂದನ್ನೂ ಅಕಿ ಅಳಿಸಲಿಲ್ಲ.

ಐದು ವರ್ಷ ತುಂಬಿದ್ರ ಕಾರ್ಡಿಗೆ ಬೆರಳಿನ ಗುರ್ತು ಕೊಡಬೇಕಂತ. ಅದಕ್ಕ ಉಳಿದ ಕಾರ್ಡು ತಗೊಂಡು ಸೊಸಿ, ಸಣ್ಣಾಕಿ, ನಾನು ಮೂವರೂ ರೋಣದ ಆಧಾರ್ ಕಚೇರಿಗೆ ಹೋದ್ವಿ. ಮಷೀನಿನ ಮುಂದ ಕುಂತ ಹುಡುಗಿ ಹೆಸರು ಓದಿದಳು. ಸತ್ತಾಕಿ ಹೆಸರು. ಗಾಜಿನ ಕೆಳಗ ಹಸಿರ ಬೆಳಕಿತ್ತು, ಅದರ ಮ್ಯಾಲೆ ನಮ್ಮ ಸಣ್ಣಾಕಿ ಬೆರಳು ಇಳಿಯಾಕತ್ತಿದ್ವು. ನಾ ಕೈ ಹಿಡಿದು ಜಗ್ಗಿದೆ.

"ಯಾಕ ಅಜ್ಜಿ, ಇದೇನ್ ಕಚ್ಚತೈತೇನ್ರಿ?" ಅಂದಳು ಮಷೀನಿನ ಹುಡುಗಿ.

"ಕಚ್ಚೂದಲ್ಲವಾ, ನುಂಗತೈತಿ" ಅಂದೆ. ಹೂಳೂಮುಂದ ದೊಡ್ಡಾಕಿದು ಅಂತ ಸಣ್ಣಾಕಿ ಕಾರ್ಡು ಇಟ್ಟಿದ್ದು ಆವಾಗ ತಿಳೀತು. ಎಲ್ಲಾ ಹೇಳಿದೆ.

ಅಕಿ ನಗಲಿಲ್ಲ. ಫೋನ್ ನಂಬರ್ ಹಾಕಿ ಹುಡುಕಿದಳು. ಪರದೆ ಮ್ಯಾಲೆ ಎರಡು ಕೂಸು, ಬಾಜೂಬಾಜೂ, ಕಣ್ಣು ತೆರಕೊಂಡು ನಮ್ಮನ್ನ ನೋಡತಿದ್ವು.

"ಇದರಾಗ ಇಬ್ಬರೂ ಅದಾರಲ್ರಿ" ಅಂದಳು.

ಸಣ್ಣಾಕಿ ಪರದೆಗೆ ಬೆರಳ ಹಚ್ಚಿ, "ಅಜ್ಜಿ, ನಾ ಯಾಕಿ?" ಅಂತ ಕೇಳಿದಳು. ನನಗ ಗೊತ್ತಾಗಲಿಲ್ಲ. ಹೆತ್ತಾಕಿಗೂ ಗೊತ್ತಾಗಲಿಲ್ಲ.

"ಈ ಹೆಸರಿಗೆ ಬೆರಳು ಕೊಟ್ಟಬಿಟ್ರ ಬಿಡಸೂದು ಭಾಳ ತ್ರಾಸ. ಕೊಡಬ್ಯಾಡ್ರಿ" ಅಂದಳು ಆ ಹುಡುಗಿ. "ದೊಡ್ಡಾಕಿ ತೀರಿದ್ದನ್ನ ಬರಸ್ರಿ. ಸಣ್ಣಾಕಿ ಇಕಿನ ಅನ್ನೂದಕ್ಕ ಸಾಕ್ಷಿ ತರ್ರಿ."

ಸೊಸಿ ಫೋನನ್ನ ಸೆರಗಿನ್ಯಾಗ ಹಿಡಕೊಂಡಳು. "ಬರಸಿದ್ರ ಆ ಮೆಸೇಜ್ ನಿಲ್ತಾವೇನ್ರಿ?"

"ನಿಲ್ತಾವ್ರಿ."

ಸೊಸಿ ಎದ್ದು ಹೊರಗ ಹೋಗಿ ನಿಂತಳು. ಸಾಲಿ ಟೀಚರು 'ಹುಡುಗಿ ಬಂದು ಕೂಡ್ಲಿ, ಆದ್ರ ಹೆಸರು ಬರಕೊಳ್ಳಾಕ ಕಾರ್ಡು ಬೇಕು' ಅಂತ ಹೇಳಿ ವಾರ ಆಗಿತ್ತು. ಸತ್ತಾಕಿ ಹೆಸರಿನ್ಯಾಗ ಕುಂತು ಹಾಜರಿ ಹೇಳೂದು ನನ್ನ ಮೊಮ್ಮಗಳಿಗೆ ಬ್ಯಾಡಾಗಿತ್ತು ನನಗ.

ಆಮ್ಯಾಲೆ ತಿಂಗಳಗಟ್ಟಲೆ ಕಚೇರಿ ಕಚೇರಿ ತಿರುಗಿದ್ವಿ. ಅಂಗನವಾಡಿಯಾಕಿ ಕೂಸುಗಳ ತೂಕ ಬರೆದ ಹಳೇ ವಹಿ ತಂದು, ಇಕಿ ಹಿಮ್ಮಡದ ಮಚ್ಚಿ ತೋರಿಸಿ ಸಾಕ್ಷಿ ಹೇಳಿದಳು. ದೊಡ್ಡಾಕಿ ತೀರಿದ್ದನ್ನ ಬರಸೂ ಕಾಗದಕ್ಕ ಸೊಸಿನ ಸಹಿ ಹಾಕಿದಳು, ಒಂದೊಂದ ಅಕ್ಷರ, ಸಾವಕಾಶ. ಇವತ್ತ ಅದ ಹುಡುಗಿ ಸರಿ ಹೆಸರು ತಗದು ಓದಿದಳು. ಸಣ್ಣಾಕಿ ಬೆರಳಿಟ್ಟಳು. ಮಷೀನು ಒಪ್ಪಿಕೊಂತು. ನಾ ಅಕಿ ಬೆರಳಿಗೆ ಮುತ್ತು ಕೊಟ್ಟೆ, ಮಷೀನಿಗೂ ಕೊಡಾಕಿದ್ದೆ, ಸೊಸಿ ಸೆರಗು ಜಗ್ಗಿದಳು.

ಸಂಜಿಗೆ ಗೋಧಿ ಹುಗ್ಗಿ ಮಾಡಿದ್ವಿ. ನಮ್ಮ ಮನಿಯವರು, ಮಗ, ಸೊಸಿ, ಸಣ್ಣಾಕಿ, ನಾನು, ಎಲ್ಲಾರೂ ಒಂದ ಸಾಲಿನ್ಯಾಗ ಕುಂತಿದ್ವಿ. "ಸತ್ತೋರಿಗೂ ಗುರ್ತಿನ ಕಾರ್ಡು ಕೊಟ್ಟ ಸಾಹೇಬ್ರು, ಇನ್ನೊಂದೀಟು ತುಪ್ಪ ಬಡಸ್ರಿ" ಅಂತ ನಮ್ಮವರು ನನಗ ಅಂದ್ರು. ನಗಾಕತ್ತಿದ್ವಿ, ಫೋನು ಟಣ್ ಅಂತು.

ತುತ್ತು ಹಿಡಿದ ಕೈ ಎಲ್ಲಾರವೂ ನಿಂತ್ವು. ದವಾಖಾನಿ ಮೆಸೇಜು, ಮಗ ನೋಡಿ ಸಣ್ಣಾಕಿ ಹೆಸರು ಓದಿದ. ಇನ್ನೊಂದಕ್ಕ ಕಾದ್ವಿ. ಗ್ವಾಡಿ ಮ್ಯಾಲಿನ ಹಲ್ಲಿ ಸಪ್ಪಳನೂ ಕೇಳತಿತ್ತು.

ಬರಲಿಲ್ಲ.

ಸೊಸಿ ಫೋನನ್ನ ಬೋರಲು ಹಾಕಿದಳು. "ಉಣ್ರಿ, ಆರತೈತಿ" ಅಂದಳು. ಎಲ್ಲಾರೂ ಕೂಡಿ ಉಂಡ್ವಿ.