ಸರ್ಪಸುತ್ತಿನ ಮನೆಯಲ್ಲಿ ಬಂಗುಡೆ ಸಾರು

ನನ್ನ ಮೊಮ್ಮಗಳು ಡಾಕ್ಟರ್ ಪರೀಕ್ಷೆ ಪಾಸಾದಳು! ಬೆಳಿಗ್ಗೆ ಮೊಬೈಲಿನಲ್ಲಿ ರಿಸಲ್ಟ್ ಬಂದದ್ದೇ ತಡ, ನಾನು ಲುಂಗಿಯಲ್ಲೇ ಬಿಲ್ಡಿಂಗಿನ ಬಾಗಿಲು ಬಾಗಿಲು ತಟ್ಟಿ ಹೇಳಿ ಬಂದೆ. ಫೋರ್ಟ್ ಏರಿಯಾದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಲೇ ಮುದುಕನಾದವನು ನಾನು, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ನನ್ನ ಮನೆಯಲ್ಲಿ ಡಾಕ್ಟರು!

ಇಂಥ ದಿನ ಭಾಂಡುಪ್ ಮಾರ್ಕೆಟ್ಟಿನಿಂದ ಬಂಗುಡೆ ತಂದು ಸಾರು ಮಾಡದಿದ್ದರೆ ಅದೆಂಥ ಸಂತೋಷ? ಆದರೆ ನನ್ನ ಸೊಂಟದ ಒಂದು ಬದಿಗೆ ಸರ್ಪಸುತ್ತು ಎದ್ದಿತ್ತು. ಮೊಮ್ಮಗಳೇ ಗುರುತು ಹಿಡಿದು, ತನ್ನ ಸರ್ ಹತ್ತಿರ ಕರೆದುಕೊಂಡು ಹೋಗಿ ಗುಳಿಗೆ ಬರೆಸಿದ್ದಳು. ಗುಳ್ಳೆ ಒಣಗಿತ್ತು. ಆದರೂ ಸರ್ಪಸುತ್ತು ಎಂದರೆ ನಾಗನ ವಿಷಯ, ಕಲೆ ಮಾಯುವ ತನಕ ಮೀನು ಹೊಸ್ತಿಲು ದಾಟಬಾರದು ಎಂಬುದು ನನ್ನ ಹೆಂಡತಿಯ ಕಾನೂನು.

"ಅಜ್ಜಿ, ಹಾವು-ಗೀವು ಕುಛ್ ನಹೀಂ," ಎಂದಳು ಮೊಮ್ಮಗಳು. "ಹೆಸರು ಇಟ್ಟವರಿಗೆ ಕಾರಣ ಗೊತ್ತಿರ್ಲಿಲ್ಲ, ಕಂಡದ್ದನ್ನ ಹೇಳಿದ್ರು. ಮಲೇರಿಯಾ ಅಂದ್ರೆ ಇಟಲಿಯವರ ಮಾತಲ್ಲಿ ಕೆಟ್ಟ ಗಾಳಿ. ತಂದದ್ದು ಯಾರು? ಮಚ್ಛರ್, ಸೊಳ್ಳೆ!"

"ಹಾಗಾದ್ರೆ ಇಲ್ಲಿಯ ಗಾಳಿ ಒಳ್ಳೇದುಂಟಾ?" ಎಂದಳು ಹೆಂಡತಿ.

ಹುಡುಗಿ ಬಿಡಲಿಲ್ಲ. "ಸರ್ಪಸುತ್ತಿಗೆ ನಮ್ಮ ಬುಕ್ಕಲ್ಲಿ ಹರ್ಪಿಸ್ ಜೋಸ್ಟರ್ ಅಂತ. ಗ್ರೀಕರ ಮಾತು. ಜೋಸ್ಟರ್ ಅಂದ್ರೆ ಬೆಲ್ಟ್. ಸ್ನೇಕ್ ಅಲ್ಲ!"

"ಮೊದಲಿನ ಶಬ್ದ?" ಹೆಂಡತಿ ಕೇಳಿದಳು.

ಅವಳು ತಡವರಿಸಿದಳು. "ಹರ್ಪಿಸ್... ಅಂದ್ರೆ ತೆವಳೋದು."

"ಕೇಳಿದ್ರಾ! ಬೆಲ್ಟು ಎಲ್ಲಿಯಾದ್ರೂ ತೆವಳ್ತದಾ? ಗ್ರೀಕರಿಗೂ ನಾಗ ಗೊತ್ತುಂಟು ಮಾರಾಯ್ತಿ!" ಹೆಂಡತಿ ದೇವರ ಪಟಕ್ಕೆ ಕೈ ಮುಗಿದೇಬಿಟ್ಟಳು.

ಬಂಗುಡೆ ಕೈತಪ್ಪಿ ಹೋಗುವುದು ಕಂಡು ನಾನು ನಡುವೆ ಬಾಯಿ ಹಾಕಿದೆ. "ಆ ಗ್ರೀಕರು ಎಲ್ಲಿಯವರು ಮಗಾ?"

"ಸಮುದ್ರದ ಬದಿಯವರು ಅಜ್ಜ. ನಮ್ಮ ಹಾಗೇ."

"ಮೀನು ತಿಂತಾರಾ?"

"ಮತ್ತೆ? ಮಜಾ ಮಾಡಿ ತಿಂತಾರೆ!"

ಹೆಂಡತಿ ಯೋಚನೆಗೆ ಬಿದ್ದಳು. ಕಾಯಿಲೆಗೆ ಸರಿಯಾದ ಹೆಸರಿಟ್ಟ ಜನ, ಅದೂ ಕಡಲ ಬದಿಯವರು. ಅವರೇ ಮೀನು ತಿನ್ನುವಾಗ ಬೇಡ ಎನ್ನುವುದು ಹೇಗೆ? ಕೊನೆಗೆ ಚೀಲ ತಂದು ನನ್ನ ಕೈಗೆ ತುರುಕಿದಳು.

"ಹೋಗಿ ತನ್ನಿ. ನಾಗ ಕೇಳಿದ್ರೆ ಗ್ರೀಕರ ಹೆಸರು ಹೇಳಿ, ನನ್ನದ್ದು ಬೇಡ."

ಸಂಜೆ ಮಗ, ಸೊಸೆ ಕೆಲಸದಿಂದ ಬಂದರು. ಎಲ್ಲರೂ ನೆಲದ ಮೇಲೆ ಸುತ್ತ ಕುಳಿತೆವು. ಹೆಂಡತಿ ಕುಚ್ಚಲಕ್ಕಿ ಅನ್ನದ ಮೇಲೆ ಕೆಂಪು ಸಾರು ಹೊಯ್ದಳು, ಮೊದಲು ನನಗೇ. ನಮ್ಮ ಡಾಕ್ಟರಮ್ಮ ತನ್ನ ತಟ್ಟೆಯನ್ನು ಅಜ್ಜಿಯ ಮುಂದೆ ಸರಿಸಿ, "ಮುಳ್ಳು ತೆಗೆದು ಕೊಡು," ಎಂದಳು. ಅಜ್ಜಿ ಬೈಯುತ್ತಾ ತೆಗೆದಳು. ನಾವು ಉಂಡೆವು, ಇನ್ನೊಮ್ಮೆ ಹಾಕಿಸಿಕೊಂಡೂ ಉಂಡೆವು.